ಹೆಣ್ಣುಮಕ್ಕಳ ಓದು ಮತ್ತು ಮನೆಯ ಲೆಕ್ಕ



‘ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ’ ಎಂಬ ಮಾತನ್ನು ನೀವೆಲ್ಲ ಗೋಡೆಗಳ ಮೇಲೆ ಓದಿದ್ದೀರಿ. ಹೆಣ್ಣು ಕಲಿತರೆ ಮನೆಯ ಆದಾಯವೂ ಹೆಚ್ಚುವುದೇ? ಬೀದರ ಜಿಲ್ಲೆಯನ್ನೇ ಮುಂದಿಟ್ಟುಕೊಂಡು ಇಂದು ವಿಚಾರ ಮಾಡೋಣ.

1991ರ ಜನಗಣತಿಯ ಪ್ರಕಾರ ಈ ಜಿಲ್ಲೆಯಲ್ಲಿ ನೂರು ಮಹಿಳೆಯರಲ್ಲಿ ಓದು ಬರಹ ಬಲ್ಲವರು ಸುಮಾರು 30 ಮಾತ್ರ. 2011ರ ವೇಳೆಗೆ ಅದು 60ನ್ನು ದಾಟಿತು. ಇದೇ ಅವಧಿಯಲ್ಲಿ ಮತ್ತೊಂದು ಬದಲಾವಣೆಯೂ ನಡೆಯಿತು. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯ ಆರಂಭಿಸಿತು. ಮುಂದೆ ಬೀದರ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕು ಈ ಕೆಲಸಕ್ಕೆ ಹೆಸರಾಯಿತು. ಭಾಲ್ಕಿ, ಔರಾದ ಹಳ್ಳಿಗಳ ಹೆಂಗಸರು ಹತ್ತಿಪ್ಪತ್ತು ಜನ ಕೂಡಿ ಉಳಿತಾಯ ಮಾಡಿ, ಎಮ್ಮೆಗೆ, ಬಿತ್ತನೆ ಬೀಜಕ್ಕೆ ಸಾಲ ಪಡೆಯತೊಡಗಿದರು.

ಆದರೆ ಗುಂಪಿನ ಲೆಕ್ಕದ ಪುಸ್ತಕ ಬರೆಯುವವರಾರು? ಓದು ಬಾರದಿದ್ದರೆ ಹಣ ತಮ್ಮದು, ಲೆಕ್ಕ ಇನ್ನೊಬ್ಬರದು. ಒಂದು ಉದಾಹರಣೆ ನೋಡೋಣ. ‘ತಿಂಗಳಿಗೆ ನೂರಕ್ಕೆ ಮೂರೇ ರೂಪಾಯಿ’ ಎಂದರೆ ಕಡಿಮೆ ಎನಿಸುತ್ತದೆ. ಹತ್ತು ಸಾವಿರ ರೂಪಾಯಿ ಸಾಲಕ್ಕೆ ವರ್ಷದ ಬಡ್ಡಿ 3,600 ರೂಪಾಯಿ ಆಯಿತು! ನೂರಕ್ಕೆ ಒಂದರಂತೆ ದೊರೆತರೆ 1,200. ಉಳಿದ 2,400 ಮನೆಯ ಗಳಿಕೆಯೇ ಅಲ್ಲವೇ? ಏಳನೆಯ ತರಗತಿಯ ಈ ಗಣಿತ ಬಲ್ಲ ಮಗಳು ತಾಯಿಗೆ ಇದನ್ನು ತಿಳಿಸಿ ಹೇಳಬಲ್ಲಳು. ತೊಗರಿ, ಸೋಯಾ ಮಾರುವಾಗ ತೂಕದ ಚೀಟಿಯನ್ನೂ ಓದಬಲ್ಲಳು.

ನೆರೆಯ ಬಾಂಗ್ಲಾದೇಶವು 1994ರಿಂದ ಗ್ರಾಮೀಣ ಪ್ರದೇಶದ ಪ್ರೌಢಶಾಲಾ ಹುಡುಗಿಯರಿಗೆ ದೇಶದಾದ್ಯಂತ ವಿದ್ಯಾರ್ಥಿವೇತನ ನೀಡಿತು. ಅಲ್ಲಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಲಕ್ಷಾಂತರ ಮಹಿಳೆಯರು ದುಡಿಯುತ್ತಿದ್ದಾರೆ. ಓದಿದ ಹೆಣ್ಣು ತಡವಾಗಿ ಮದುವೆಯಾಗುತ್ತಾಳೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾಳೆ. ಲಾಭ ಮುಂದಿನ ತಲೆಮಾರಿಗೂ ಹರಿಯುತ್ತದೆ.

ಹಾಗಿದ್ದರೂ ಅನೇಕ ಹುಡುಗಿಯರ ಓದು ಊರಿನ ಶಾಲೆ ಮುಗಿದೊಡನೆ ನಿಲ್ಲುತ್ತದೆ. ‘ಹೆಣ್ಣು ಪರರ ಮನೆಗೆ ಹೋಗುವವಳು’ ಎಂಬ ಮಾತು ಒಂದು ಕಡೆ, ಕಾಲೇಜಿನ ದೂರ ಮತ್ತೊಂದು ಕಡೆ. 2006ರಲ್ಲಿ ಬಂದ ಸೈಕಲ್ ಯೋಜನೆ, 2023ರ ‘ಶಕ್ತಿ’ ಯೋಜನೆಯ ಉಚಿತ ಬಸ್ ಪ್ರಯಾಣ ದೂರದ ತೊಂದರೆಯನ್ನು ಕಡಿಮೆ ಮಾಡಿದವು. ಔರಾದದಿಂದ ಬೀದರ ನಗರದ ಕಾಲೇಜಿಗೆ ಹೋಗುವವಳಿಗೆ ಟಿಕೆಟ್ಟಿನ ಖರ್ಚು ತಪ್ಪಿತು. ಆದರೆ ಮನೆಯವರ ಮನಸ್ಸಿನ ದೂರವನ್ನು ಯಾವ ಬಸ್ಸೂ ದಾಟಿಸಲಾರದು. ಕಲಿತವಳಿಗೆ ಊರ ಹತ್ತಿರ ಕೆಲಸವೂ ಬೇಕು.

ಮಗಳು ಹೊಲಕ್ಕೆ ಹೋದರೆ ಸಂಜೆ ಕೂಲಿ ಕೈಗೆ ಬರುತ್ತದೆ. ಶಾಲೆ ಬಿಟ್ಟದ್ದರ ನಷ್ಟ ಹತ್ತು ವರ್ಷಗಳ ನಂತರ ಕಾಣುತ್ತದೆ. ನಿಮ್ಮ ತರಗತಿಯಲ್ಲಿ ಗೆಳತಿಯೊಬ್ಬಳ ಜಾಗ ಖಾಲಿಯಾದರೆ, ಅವಳ ಮನೆಗೆ ಹೋಗಿ ಈ ಲೆಕ್ಕವನ್ನು ಹಿರಿಯರ ಮುಂದೆ ಬಿಡಿಸಿ ತೋರಿಸಿರಿ. ನೀವು ಕಲಿತದ್ದು ಸಾರ್ಥಕವಾಗುವುದು ಅಲ್ಲಿಯೇ.