ಹೊಸ ಭಂಗಿ, ಹಳೆಯ ಸೊಂಟ



ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಹಾಕಿ ಎಂದಿದ್ದೆ. ಒಂದು ಚೀಟಿ ಹೀಗಿದೆ: “ಮೊಬೈಲಿನಲ್ಲಿ ಏನೋ ನೋಡಿ ನಮ್ಮವರು ಹೊಸ ಭಂಗಿ ಪ್ರಯತ್ನಿಸೋಣ ಅಂತಾರೆ. ನನಗೂ ಬೇಡ ಅಂತೇನಿಲ್ಲ. ಸೊಂಟ ಹಿಡಿದುಕೊಂಡರೆ ಏನು ಗತಿ?” ನಗಬೇಡಿ, ಒಳ್ಳೆಯ ಪ್ರಶ್ನೆ. ಫಿಸಿಯೋಥೆರಪಿಸ್ಟ್ ಆಗಿ ಇವತ್ತು ಇದಕ್ಕೇ ಉತ್ತರ ಹೇಳುತ್ತೇನೆ.

ಇದು ಈ ಕಾಲದವರ ಹುಚ್ಚು ಎಂದುಕೊಳ್ಳಬೇಕಿಲ್ಲ. ಕೆಲವು ಭಂಗಿಗಳು ಅಭ್ಯಾಸದಿಂದಷ್ಟೇ ಸಾಧ್ಯ ಎಂದು ಕಾಮಸೂತ್ರವೇ ಹೇಳುತ್ತದೆ. ಕನ್ನಡದಲ್ಲೂ 15ನೆಯ ಶತಮಾನದಲ್ಲಿ ಕಲ್ಲರಸ ‘ಜನವಶ್ಯ’ ಬರೆದ. ಮುಚ್ಚುಮರೆ ನಾವು ಆಮೇಲೆ ಕಲಿತದ್ದು.

ಚಿತ್ರದಲ್ಲಿ ಭಂಗಿ ಕಾಣುತ್ತದೆ, ಭಾರ ಎಲ್ಲಿ ಬೀಳುತ್ತದೆ ಎಂಬುದು ಕಾಣುವುದಿಲ್ಲ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೊ. ಅದನ್ನು ಸರಿಸಲು ವಾಚ್‌ಮನ್‌ನನ್ನು ಕರೆಯುವ ಗಂಡಸು 60 ಕಿಲೊ ಹೆಂಡತಿಯನ್ನು ನಿಂತಲ್ಲೇ ಎತ್ತಿ ಹಿಡಿಯಲು ಹೊರಟರೆ ಕೆಳಬೆನ್ನಿನ ಡಿಸ್ಕ್ ಏನಾಗಬೇಕು? ಎತ್ತುವ ಆಸೆ ಇದ್ದರೆ ಮಂಚದ ಅಂಚು ಅರ್ಧ ಭಾರ ಹೊರಲಿ. ಒದ್ದೆ ಬಾತ್‌ರೂಮಂತೂ ಬೇಡವೇ ಬೇಡ.

ಬೆನ್ನುನೋವು ಇರುವವರಿಗೆ ಪಕ್ಕಕ್ಕೆ ಮಲಗುವುದೇ ಕ್ಷೇಮ ಎಂದು ಬಹಳ ಕಾಲ ಎಲ್ಲರಿಗೂ ಒಂದೇ ಸಲಹೆ ಕೊಡುತ್ತಿದ್ದರು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರು ದಂಪತಿಗಳ ಬೆನ್ನುಮೂಳೆಯ ಚಲನೆಯನ್ನೇ ಅಳೆದು 2014ರಲ್ಲಿ ಪ್ರಕಟಿಸಿದರು. ಆ ಸಲಹೆ ಎಲ್ಲ ಬೆನ್ನಿಗೂ ಒಗ್ಗುವುದಿಲ್ಲ ಎಂದು ತಿಳಿಯಿತು. ನಿಮ್ಮ ನೋವು ಮುಂದೆ ಬಗ್ಗಿದಾಗ ಹೆಚ್ಚೋ, ಹಿಂದಕ್ಕೆ ಬಾಗಿದಾಗ ಹೆಚ್ಚೋ, ಮೊದಲು ಅದನ್ನು ಗಮನಿಸಿ. ನೋವು ಬರಿಸುವ ಆ ಬಾಗು ಯಾವ ಭಂಗಿಯಲ್ಲಿದೆಯೋ ಅದನ್ನು ಬಿಡಿ. ಅಲುಗಾಟ ಸೊಂಟದ ಕೀಲಿನಿಂದ ಬರಲಿ, ಬೆನ್ನು ನೆಟ್ಟಗಿರಲಿ.

ಹೊಸದನ್ನು ಮೊದಲ ದಿನ ಬಟ್ಟೆ ಹಾಕಿಕೊಂಡೇ ಮಾಡಿ ನೋಡಿ, ಯೋಗಾಸನ ಕಲಿಯುವ ಹಾಗೆ. ನಗು ಬರುತ್ತದೆ, ಬರಲಿ. ಮಂಡಿಯ ಕೆಳಗೆ ಮಡಿಸಿದ ರಗ್ಗು, ಸೊಂಟದ ಕೆಳಗೆ ದಿಂಬು, ಮೆತ್ತಗಿನ ಹಾಸಿಗೆಯಲ್ಲಿ ತೋಲ ತಪ್ಪುವಂತಿದ್ದರೆ ನೆಲದ ಮೇಲೆ ಜಮಖಾನೆ. ಸೊಂಟದ ಕೀಲು ಬದಲಾಯಿಸಿಕೊಂಡವರು, ಮೂಳೆ ಸವೆದವರು, ಬಸುರಿಯರು ತಮ್ಮ ಡಾಕ್ಟರನ್ನು ಕೇಳದೆ ಇಂಥದ್ದಕ್ಕೆ ಕೈಹಾಕಬಾರದು.

ಇನ್ನೊಂದು ಮಾತು. ಒಬ್ಬರು “ಸಾಕು” ಎಂದ ಕೂಡಲೇ ಇನ್ನೊಬ್ಬರು ನಿಲ್ಲಿಸಬೇಕು. “ಇನ್ನೊಂದು ನಿಮಿಷ” ಎನ್ನುವುದಕ್ಕೆ ಜಾಗವಿಲ್ಲ. ನಮ್ಮಲ್ಲಿ ಎಷ್ಟೋ ಜನ ಹಲ್ಲು ಕಚ್ಚಿ ಸಹಿಸಿಕೊಂಡು, ಮಾರನೆಯ ದಿನ “ಬಕೆಟ್ ಎತ್ತಿದೆ” ಎನ್ನುತ್ತಾ ನನ್ನ ಹತ್ತಿರ ಬರುತ್ತಾರೆ. ಬೇಡ ಎನಿಸಿದರೆ ಕಾರಣ ಕೊಡಬೇಕಾಗಿಯೂ ಇಲ್ಲ.

ಸ್ನಾಯು ಹಿಡಿದುಕೊಂಡರೆ ನಿಧಾನವಾಗಿ ಸಡಿಲಿಸಿ, ವಿಶ್ರಾಂತಿ ಕೊಡಿ, ಒಂದೆರಡು ದಿನದಲ್ಲಿ ಹೋಗಬಹುದು. ಆದರೆ ತೊಡೆಯ ಸಂದಿಯಲ್ಲಿ ಜೋಮು, ಕಾಲಿನಲ್ಲಿ ಬಲ ಇಲ್ಲದಿರುವುದು, ಮೂತ್ರ ಕಟ್ಟಿಕೊಳ್ಳುವುದು, ಇವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಗಂಡಸರಿಗೆ ಜನನಾಂಗದಲ್ಲಿ ಟಕ್ಕೆಂದು ಸದ್ದಾಗಿ, ನೋವು, ಬಾವು ಬಂದರೆ ಅದೂ ತುರ್ತು. ಹೆಚ್ಚಿನವರಿಗೆ ತಡವಿಲ್ಲದೆ ಆಪರೇಷನ್ ಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಬಾತ್‌ರೂಮಿನಲ್ಲಿ ಜಾರಿದರು ಎನ್ನಬೇಡಿ. ಹೇಗಾಯಿತೋ ಹಾಗೇ ಹೇಳಿ. ಕ್ಯಾಶುವಲ್ಟಿಯ ಡಾಕ್ಟರ್ ಇದಕ್ಕಿಂತ ವಿಚಿತ್ರವಾದದ್ದನ್ನೂ ಕೇಳಿರುತ್ತಾರೆ.

ಉಳಿದ ಚೀಟಿಗಳನ್ನು ಊಟದ ನಂತರ ಓದೋಣ.