ಹಕ್ಕಿಗೂಡಿಗೊಂದು ಜಾತಕ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಕೆಂಪಗಿರುವುದೆಲ್ಲ ರಕ್ತವಲ್ಲ ಎಂದು ಅದಕ್ಕೊಂದು ಮಾತು ಸೇರಿಸುವ ಸಂದರ್ಭ 2011ರಲ್ಲಿ ಚೀನಾದ ಗ್ರಾಹಕರಿಗೆ ಒದಗಿತು. ಆ ವರ್ಷ ಝೆಜಿಯಾಂಗ್ ಪ್ರಾಂತದ ಅಧಿಕಾರಿಗಳು ಅಂಗಡಿಗಳಲ್ಲಿ ಮಾರುತ್ತಿದ್ದ ‘ರಕ್ತಗೂಡು’ ಎಂಬ ದುಬಾರಿ ತಿನಿಸನ್ನು ಪರೀಕ್ಷಿಸಿದರು. ಅದರಲ್ಲಿ ನೈಟ್ರೈಟ್ ಎಂಬ ಲವಣ ಮಿತಿಮೀರಿ ಇರುವುದು ಕಂಡುಬಂತು. ಮಾಂಸ ಕೆಡದಂತಿಡಲು ಚಿಟಿಕೆಯಷ್ಟು ಬಳಸುವ ಈ ಲವಣ ಹೆಚ್ಚಾದರೆ ವಿಷ. ಸುದ್ದಿ ಹಬ್ಬಿದ್ದೇ ತಡ, ಮಲೇಷ್ಯಾದಿಂದ ಬರುತ್ತಿದ್ದ ಹಕ್ಕಿಗೂಡುಗಳಿಗೆ ಚೀನಾ ಬಾಗಿಲು ಮುಚ್ಚಿತು. ಮಲೇಷ್ಯಾದಲ್ಲಿ ಬೆಲೆ ಪಾತಾಳಕ್ಕಿಳಿಯಿತು. ಕೆಂಪು ಗೂಡನ್ನು ಕಣ್ಣಿಂದಲೂ ಕಾಣದ, ಬಿಳಿ ಗೂಡನ್ನಷ್ಟೇ ಮಾರುತ್ತಿದ್ದ ಸಣ್ಣ ಸಾಕಣೆದಾರನೂ ಅದರ ಪೆಟ್ಟು ತಿಂದ. ತನ್ನ ಸರಕು ಶುದ್ಧ ಎಂದು ಅವನು ಹೇಳಬಹುದಿತ್ತು. ಅದನ್ನು ತೋರಿಸಿಕೊಡುವ ದಾಖಲೆ ಅವನಲ್ಲಿರಲಿಲ್ಲ.

ಹಕ್ಕಿಯ ಗೂಡನ್ನು ತಿನ್ನುವುದೇ ಎಂದು ಹುಬ್ಬೇರಿಸುವವರು ಇರಬಹುದು. ಇದು ಕಡ್ಡಿ, ಹುಲ್ಲಿನ ಗೂಡಲ್ಲ. ಆಗ್ನೇಯ ಏಷ್ಯಾದ ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಹಕ್ಕಿ ಕತ್ತಲ ಗುಹೆಯ ಗೋಡೆಗೆ ತನ್ನ ಜೊಲ್ಲನ್ನು ಎಳೆಎಳೆಯಾಗಿ ಅಂಟಿಸುತ್ತ ಹೋಗುತ್ತದೆ. ಗಾಳಿಗೆ ಅದು ಗಟ್ಟಿಯಾಗಿ ಅರ್ಧ ಬಟ್ಟಲಿನ ಆಕಾರ ತಾಳುತ್ತದೆ. ಚೀನೀಯರು ಇದನ್ನು ನೀರಿನಲ್ಲಿ ನೆನೆಸಿ, ಕಲ್ಲುಸಕ್ಕರೆ ಹಾಕಿ ಬೇಯಿಸಿ, ಬಾಣಂತಿಯರಿಗೆ, ರೋಗಿಗಳಿಗೆ, ಮುದುಕರಿಗೆ ಕೊಡುತ್ತ ಬಂದಿದ್ದಾರೆ. ಹದಿನೆಂಟನೆಯ ಶತಮಾನದ ‘ಕೆಂಪು ಮಹಲಿನ ಕನಸು’ ಎಂಬ ಪ್ರಸಿದ್ಧ ಚೀನೀ ಕಾದಂಬರಿಯಲ್ಲಿ ಕಾಯಿಲೆಯ ನಾಯಕಿಗೆ ಹಿತವರು ಸೂಚಿಸುವ ಪಥ್ಯ ಇದೇ. ಒಂದು ಗೂಡಿನ ತೂಕ ಎಂಟು ಹತ್ತು ಗ್ರಾಮು. ಒಂದು ಕಿಲೋ ಆಗಬೇಕಾದರೆ ನೂರಕ್ಕೂ ಹೆಚ್ಚು ಗೂಡು ಬೇಕು.

ಈ ಹಕ್ಕಿಯ ದಾಯಾದಿಯೊಂದು ನಮ್ಮ ಕರಾವಳಿಯಲ್ಲೂ ಉಂಟು. ಹೊನ್ನಾವರದ ಆಚೆ ಸಮುದ್ರದಲ್ಲಿರುವ ಪಿಜನ್ ಐಲೆಂಡ್, ಅಂದರೆ ಇಂದಿನ ನೇತ್ರಾಣಿ ದ್ವೀಪದಲ್ಲಿ ಅದು ಗೂಡು ಕಟ್ಟುವುದನ್ನು ಹತ್ತೊಂಬತ್ತನೆಯ ಶತಮಾನದ ಪಕ್ಷಿತಜ್ಞ ಜೆರ್ಡನ್ ದಾಖಲಿಸಿದ್ದಾನೆ. ಆದರೆ ಆ ಗೂಡಿನಲ್ಲಿ ಹುಲ್ಲು, ಗರಿ ಬೆರೆತಿರುತ್ತದೆ. ಪೇಟೆ ಹುಡುಕುವುದು ಬರಿ ಜೊಲ್ಲಿನ ಬಿಳಿ ಗೂಡನ್ನು.

ಆ ಬಿಳಿ ಗೂಡಿಗಾಗಿ ಬೋರ್ನಿಯೋ ದ್ವೀಪದ ನಿಯಾ, ಗೊಮಾಂಟಾಂಗ್ ಗುಹೆಗಳಲ್ಲಿ ಜನ ಬೆತ್ತದ ಏಣಿ, ಬಿದಿರಿನ ಗಳು ಹಿಡಿದು ಜೀವ ಪಣಕ್ಕಿಟ್ಟು ಹತ್ತುತ್ತ ಬಂದಿದ್ದಾರೆ. ಈಗ ಪೇಟೆಗೆ ಬರುವ ಗೂಡಿನಲ್ಲಿ ಹೆಚ್ಚಿನ ಪಾಲು ಗುಹೆಯದಲ್ಲ, ಮನೆಯದು. ಜಾವಾದ ಹಳೆಯ ಮನೆಗಳಲ್ಲಿ ಹಕ್ಕಿಗಳು ತಾವಾಗಿ ನೆಲೆಸಿದ್ದನ್ನು ಕಂಡ ಜನ, ಅವುಗಳಿಗೆಂದೇ ಮನೆ ಕಟ್ಟತೊಡಗಿದರು. 1997-98ರ ಆರ್ಥಿಕ ಕುಸಿತದ ನಂತರ ಮಲೇಷ್ಯಾದಲ್ಲಿ ಖಾಲಿ ಬಿದ್ದ ಅಂಗಡಿ ಮಳಿಗೆಗಳ ಮಾಳಿಗೆಗಳೂ ಹಕ್ಕಿಮನೆಗಳಾದವು. ಕಿಟಕಿ ಮುಚ್ಚಿ, ಒಂದು ಕಿಂಡಿ ಬಿಟ್ಟು, ಒಳಗೆ ಗುಹೆಯ ಕತ್ತಲೆ, ತೇವ ಉಂಟುಮಾಡಿ, ಸೂರಿಗೆ ಮರದ ಪಟ್ಟಿ ಹೊಡೆಯುತ್ತಾರೆ. ಹಕ್ಕಿಯ ಚಿಲಿಪಿಲಿಯನ್ನು ಧ್ವನಿಮುದ್ರಿಸಿ ಸ್ಪೀಕರಿನಲ್ಲಿ ಹಾಕುತ್ತಾರೆ. ಬರುವುದು ಬಿಡುವುದು ಹಕ್ಕಿಯ ಇಷ್ಟ.

ಇದನ್ನು ಸಾಕಣೆ ಎನ್ನುವುದಾದರೂ ಹೇಗೆ? ಕೋಳಿಗೆ ಕಾಳು ಹಾಕುತ್ತಾರೆ, ಹಸುವಿನ ಕಿವಿಗೆ ಓಲೆ ಚುಚ್ಚುತ್ತಾರೆ. ಈ ಹಕ್ಕಿಗೆ ಯಾರೂ ಕಾಳು ಹಾಕುವುದಿಲ್ಲ. ಹಗಲೆಲ್ಲ ಕಾಡು, ಹೊಲದ ಮೇಲೆ ಹಾರಾಡಿ ಹುಳು ಹಿಡಿದು ಸಂಜೆ ಮನೆಗೆ ಮರಳುತ್ತದೆ. ಹಕ್ಕಿಗೆ ಗುರುತು ಹಾಕಲು ಬರುವುದಿಲ್ಲ. ಹಾಗಾಗಿ ಗುರುತು ಹಾಕಬೇಕಾದದ್ದು ಮನೆಗೆ. ಗೂಡಿನ ವ್ಯಾಪಾರದಲ್ಲಿ ನೋಂದಣಿಯೆಂದರೆ ಮೂಲತಃ ಮನೆಯ ನೋಂದಣಿ.

2011ಕ್ಕೆ ಮೊದಲು ಗೂಡು ಕೈಯಿಂದ ಕೈಗೆ ಹೇಗೆ ಸಾಗುತ್ತಿತ್ತು ಎಂಬುದನ್ನು ನೋಡಿದರೆ ಇದರ ಅಗತ್ಯ ತಿಳಿಯುತ್ತದೆ. ಸಣ್ಣ ಮನೆಯವನು ಒಂದಿಷ್ಟು ಗೂಡು ಕಿತ್ತು ಊರಿಗೆ ಬಂದ ದಲ್ಲಾಳಿಗೆ ಮಾರುತ್ತಿದ್ದ. ದಲ್ಲಾಳಿ ಹತ್ತು ಮನೆಯ ಗೂಡನ್ನು ಒಂದೇ ಚೀಲಕ್ಕೆ ಸುರಿಯುತ್ತಿದ್ದ. ಆ ಚೀಲ ತೊಳೆಯುವ ಕಾರ್ಖಾನೆಗೆ, ಅಲ್ಲಿಂದ ಹಾಂಗ್‌ಕಾಂಗಿಗೆ, ಅಲ್ಲಿಂದ ಚೀನಾಕ್ಕೆ. ಮೊದಲ ಚೀಲದಲ್ಲೇ ಗೂಡು ತನ್ನ ಊರು, ಮನೆ ಕಳೆದುಕೊಳ್ಳುತ್ತಿತ್ತು. ಕೆಂಪು ಗೂಡಿಗೆ ಬೆಲೆ ಹೆಚ್ಚು. ಹಕ್ಕಿ ರಕ್ತ ಕಾರಿ ಕಟ್ಟಿದ್ದು ಎಂಬ ನಂಬಿಕೆಯೇ ಅದಕ್ಕೆ ಕಾರಣ. ಹಿಕ್ಕೆ ಕೊಳೆತು ಏಳುವ ಆವಿಗೆ ಒಡ್ಡಿದರೆ ಬಿಳಿ ಗೂಡೂ ಕೆಂಪಾಗುತ್ತದೆ ಎಂಬುದನ್ನು ಸಂಶೋಧಕರು ಪ್ರಯೋಗಾಲಯದಲ್ಲೇ ಮಾಡಿ ತೋರಿಸಿದ್ದಾರೆ. ನೈಟ್ರೈಟ್ ಸೇರುವ ದಾರಿಯೂ ಅದೇ. ಪ್ರಯೋಗಾಲಯದಲ್ಲಿ ಆಗುವುದು ದುರಾಸೆಯ ಗೋದಾಮಿನಲ್ಲೂ ಆಗಬಲ್ಲದು. ಹಾಗೆ ಮಾಡಿದವರು ಯಾರೆಂದು ಹುಡುಕಹೋದರೆ ಹಿಂದಕ್ಕೆ ಹೋಗುವ ಹಾದಿಯೇ ಇರಲಿಲ್ಲ.

2012ರ ಸೆಪ್ಟೆಂಬರಿನಲ್ಲಿ ಎರಡೂ ದೇಶಗಳು ಒಪ್ಪಂದಕ್ಕೆ ಬಂದವು. ನೈಟ್ರೈಟ್ ಕಿಲೋಗೆ 30 ಮಿಲಿಗ್ರಾಂ ಮೀರಬಾರದು. ಹಕ್ಕಿಜ್ವರದ ಭಯವಿರುವುದರಿಂದ ಗೂಡನ್ನು ಕಾಯಿಸಿಯೇ ಕಳಿಸಬೇಕು. ನೋಂದಣಿಯಾದ ಮನೆಯ ಗೂಡನ್ನು ನೋಂದಣಿಯಾದ ಕಾರ್ಖಾನೆಯೇ ತೊಳೆಯಬೇಕು. ಪೊಟ್ಟಣದಿಂದ ಹಿಂದಕ್ಕೆ ಮನೆಯವರೆಗೂ ಜಾಡು ಸಿಗಬೇಕು. ಇಂಡೋನೇಷ್ಯಾದೊಂದಿಗೆ ಅದೇ ವರ್ಷ, ವಿಯೆಟ್ನಾಮಿನೊಂದಿಗೆ 2022ರಲ್ಲಿ ಚೀನಾ ಇಂಥದೇ ಒಪ್ಪಂದ ಮಾಡಿಕೊಂಡಿತು.

ಮಲೇಷ್ಯಾ ಇದಕ್ಕೆ ಬಳಸಹೊರಟಿದ್ದು ಆರ್‌ಎಫ್‌ಐಡಿ ಎಂಬ ರೇಡಿಯೋ ಬಿಲ್ಲೆ. ಟೋಲ್ ಗೇಟಿನಲ್ಲಿ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಕೆಲಸ ಮಾಡುವುದು ಇದೇ ತತ್ತ್ವದ ಮೇಲೆ. ಪಶುವೈದ್ಯ ಇಲಾಖೆ ಪ್ರತಿ ಹಕ್ಕಿಮನೆಗೆ ಒಂದು ಸಂಖ್ಯೆ ಕೊಡುತ್ತದೆ. ಕಿತ್ತ ಗೂಡನ್ನು ತುಂಬಿದ ಪೆಟ್ಟಿಗೆಗೆ ಬಿಲ್ಲೆ ಅಂಟುತ್ತದೆ. ಯಾವ ಮನೆ, ಯಾವ ದಿನ, ಎಷ್ಟು ತೂಕ ಎಂಬುದು ಅದರ ಲೆಕ್ಕಕ್ಕೆ ಸೇರುತ್ತದೆ. ಕೊಳ್ಳುವವನು, ತೊಳೆಯುವವನು, ರಫ್ತುದಾರ, ಹೀಗೆ ಪ್ರತಿಯೊಬ್ಬನ ಕೈಯಲ್ಲೂ ಒಂದೊಂದು ಸಾಲು ಕೂಡುತ್ತದೆ. ಚೀನಾದ ಕಡೆ ಪೊಟ್ಟಣದ ಮೇಲೆ ಸಂಕೇತದ ಚೀಟಿ ಇರುತ್ತದೆ. ಗಿರಾಕಿ ಫೋನಿನಲ್ಲಿ ಅದನ್ನು ಓದಿಸಿದರೆ ಗೂಡಿನ ಜಾತಕ ಕಣ್ಣೆದುರು ಬರುತ್ತದೆ.

ಸಭಿಕರಲ್ಲಿ ದ್ರಾಕ್ಷಿ ಬೆಳೆಗಾರರಿದ್ದರೆ ಅವರಿಗೆ ಇದು ಹೊಸತೆನಿಸದು. 2003ರಲ್ಲಿ ಭಾರತದ ದ್ರಾಕ್ಷಿಯಲ್ಲಿ ಕೀಟನಾಶಕದ ಶೇಷ ಹೆಚ್ಚಿದೆಯೆಂದು ಯುರೋಪಿನಲ್ಲಿ ಗದ್ದಲವಾದ ಮೇಲೆ ಅಪೆಡಾ ಸಂಸ್ಥೆ ‘ಗ್ರೇಪ್‌ನೆಟ್’ ವ್ಯವಸ್ಥೆ ತಂದಿತು. ಯುರೋಪಿಗೆ ಹೋಗುವ ಹಣ್ಣಿನ ತೋಟ ನೋಂದಣಿಯಾಗಬೇಕು, ಪೆಟ್ಟಿಗೆಯಿಂದ ತೋಟದವರೆಗೆ ಲೆಕ್ಕ ಸಿಗಬೇಕು. ಆದರೆ ಒಂದು ವ್ಯತ್ಯಾಸ. ದ್ರಾಕ್ಷಿ ಬಳ್ಳಿ ನೆಟ್ಟಲ್ಲೇ ಇರುತ್ತದೆ; ತೋಟಕ್ಕೆ ಸರ್ವೆ ನಂಬರ್ ಇದೆ, ಸಾಲು ಎಣಿಸಿದರೆ ಇಳುವರಿಯ ಅಂದಾಜು ಸಿಗುತ್ತದೆ. ಹಕ್ಕಿಮನೆಯ ಒಳಗೆ ಕತ್ತಲೆ. ಈ ವರ್ಷ ಎಷ್ಟು ಜೋಡಿ ಬಂದವು, ಎಷ್ಟು ಗೂಡು ಕಿತ್ತರು ಎಂಬುದು ಒಡೆಯನ ಬಾಯಿಂದಲೇ ಬರಬೇಕು.

ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಇರುವುದು ಇಲ್ಲಿಯೇ. ಬಿಲ್ಲೆಗೆ ಗೂಡಿನ ರುಚಿ ಗೊತ್ತಿಲ್ಲ, ಬಣ್ಣ ಗೊತ್ತಿಲ್ಲ. ಮೊದಲು ಬರೆದವನು ಏನು ಬರೆದನೋ ಅದನ್ನು ಕೊನೆಯವರೆಗೆ ಹೊತ್ತೊಯ್ಯುವುದಷ್ಟೇ ಅದರ ಕೆಲಸ. ಮೊದಲ ಸಾಲು ಸುಳ್ಳಾದರೆ, ಆ ಸುಳ್ಳೇ ಸರ್ಕಾರಿ ಮೊಹರಿನೊಂದಿಗೆ ಬೀಜಿಂಗ್ ತಲುಪುತ್ತದೆ. ನೆರೆಯವನ ನೋಂದಣಿಯಿಲ್ಲದ ಗೂಡನ್ನು ತನ್ನ ಸಂಖ್ಯೆಯಲ್ಲಿ ಸೇರಿಸಿ ಕಳಿಸುವವನನ್ನು ಹಿಡಿಯುವುದು ಹೇಗೆ? ಅದಕ್ಕೆ ಉಳಿದಿರುವ ಉಪಾಯ ತೂಕದ ಲೆಕ್ಕ. ಸಣ್ಣ ಮಾಳಿಗೆಯೊಂದು ದೊಡ್ಡ ಕಟ್ಟಡದಷ್ಟು ಗೂಡು ಕೊಟ್ಟಿತೆಂದು ಪುಸ್ತಕ ಹೇಳಿದರೆ ಪುಸ್ತಕವೇ ಕಳ್ಳನನ್ನು ತೋರಿಸುತ್ತದೆ. ಆದರೆ ಆ ಲೆಕ್ಕವನ್ನು ಯಂತ್ರ ಕೂಡಬಹುದು, ಮನೆಯ ಮೆಟ್ಟಿಲು ಹತ್ತಿ ನೋಡಬೇಕಾದವನು ಮನುಷ್ಯನೇ.

ಇನ್ನೊಂದು ಮುಖವೂ ಇದೆ. ನೋಂದಣಿಗೆ ಕಟ್ಟಡದ ಪರವಾನಗಿ ಬೇಕು. ಪಟ್ಟಣಗಳ ಎಷ್ಟೋ ಹಕ್ಕಿಮನೆಗಳು ಅನುಮತಿಯಿಲ್ಲದೆ ಎದ್ದವು. ಸ್ಪೀಕರಿನ ಸದ್ದು, ಹಿಕ್ಕೆಯ ವಾಸನೆಗೆ ಅಕ್ಕಪಕ್ಕದವರ ತಕರಾರು ಇದ್ದೇ ಇತ್ತು. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಪೆನಾಂಗಿನ ಜಾರ್ಜ್‌ಟೌನ್ ಪೇಟೆಯಿಂದ ಹಕ್ಕಿಮನೆಗಳನ್ನು ತೆರವು ಮಾಡಲು 2013ರ ಕೊನೆಯ ಗಡುವು ಬಿತ್ತು. ದೊಡ್ಡ ಬಂಡವಾಳಗಾರ ಬೇರೆಡೆ ಜಾಗ ಕೊಂಡು ಕಟ್ಟಡ ಎಬ್ಬಿಸಿ ಸಂಖ್ಯೆ ಪಡೆಯಬಲ್ಲ. ಮನೆಯ ಮೇಲಂತಸ್ತಿನಲ್ಲಿ ಐವತ್ತು ಗೂಡು ಇಟ್ಟುಕೊಂಡವನಿಗೆ ಅದು ಕಷ್ಟ. ಸಂಖ್ಯೆಯಿಲ್ಲದವನು ದಲ್ಲಾಳಿ ಹೇಳಿದ ಬೆಲೆಗೆ ಮಾರಬೇಕು. ಅವನ ಶುದ್ಧ ಗೂಡು ಮತ್ತೆ ಊರಿಲ್ಲದ ಚೀಲಕ್ಕೆ ಬೀಳುತ್ತದೆ. ಮೋಸಗಾರನನ್ನು ಹೊರಗಿಡಲು ಕಟ್ಟಿದ ಬೇಲಿ ಬಡವನನ್ನೂ ಹೊರಗಿಟ್ಟರೆ, ಬೇಲಿಯಾಚೆಯ ಕಳ್ಳಪೇಟೆಗೆ ಸರಕು ಒದಗಿಸಿದಂತಾಗುತ್ತದೆ.

ಹಕ್ಕಿಯ ಪಾಲಿಗೂ ಈ ಪುಸ್ತಕದಲ್ಲಿ ಒಂದು ಅಂಕಣವಿದೆ. ಮರಿ ಹಾರಿಹೋದ ಮೇಲೆಯೇ ಗೂಡು ಕೀಳಬೇಕೆಂಬುದು ಒಳ್ಳೆಯ ಸಾಕಣೆಯ ನಿಯಮ. ಕಿತ್ತ ದಿನಾಂಕಗಳನ್ನು ಪ್ರಾಮಾಣಿಕವಾಗಿ ಬರೆದರೆ, ಮೊಟ್ಟೆ ಮರಿಗಳನ್ನು ಎಸೆದು ಮೇಲಿಂದ ಮೇಲೆ ಗೂಡು ಕೀಳುವವನ ಅವಸರ ಅಲ್ಲಿ ಕಾಣಿಸುತ್ತದೆ. ಅಂಡಮಾನಿನ ಗುಹೆಗಳಲ್ಲಿ ಯಾವ ಪುಸ್ತಕವೂ ಇಲ್ಲದೆ ಗೂಡು ಕಿತ್ತದ್ದರ ಫಲವಾಗಿ ಈ ಹಕ್ಕಿಯ ಸಂಖ್ಯೆ ಕುಸಿದದ್ದನ್ನು 1990ರ ದಶಕದಲ್ಲಿ ಪಕ್ಷಿವಿಜ್ಞಾನಿ ರವಿ ಶಂಕರನ್ ಗುಹೆಯಿಂದ ಗುಹೆಗೆ ಅಲೆದು ತೋರಿಸಿದರು.

ಆದ್ದರಿಂದ ಎಲೆಕ್ಟ್ರಾನಿಕ್ ಬಿಲ್ಲೆ ಬಂತು, ಇನ್ನು ಮೋಸವಿಲ್ಲ ಎನ್ನುವುದೂ ತಪ್ಪು, ಅದೆಲ್ಲ ಬರಿ ತೋರಿಕೆ ಎನ್ನುವುದೂ ತಪ್ಪು. 2011ರಲ್ಲಿ ನಿರಪರಾಧಿ ಸಾಕಣೆದಾರನಿಗೆ ಇಲ್ಲದಿದ್ದ ಸಾಕ್ಷಿ ಇಂದು ನೋಂದಣಿಯಾದವನಿಗೆ ಇದೆ. ಆ ಸಾಕ್ಷಿಗೆ ಬೆಲೆ ಬರುವುದು, ಕತ್ತಲ ಮಾಳಿಗೆಯಿಂದ ಇಳಿದು ಬಂದವನು ತಕ್ಕಡಿಯ ಮುಂದೆ ಕುಳಿತು ಮೊದಲ ಸಾಲನ್ನು ಸರಿಯಾಗಿ ಬರೆದಾಗ. ಹಾಗೆ ಬರೆಯುವ ಅವಕಾಶ ಐವತ್ತು ಗೂಡಿನವನಿಗೂ ಸಿಕ್ಕಾಗ.