ನೋಡುವ ಪೆಟ್ಟಿಗೆ ನಮ್ಮ ಲೆಕ್ಕ ಬರೆಯುತ್ತದೆ

(ಚೆಂಬೂರಿನ ಕಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)

ಹೊಟೇಲು ಕಾರ್ಮಿಕ ಬಂಧುಗಳೇ, ಗಿರಣಿಯಲ್ಲಿ ದುಡಿದು ದಣಿದ ಹಿರಿಯರೇ, ಅಕ್ಕತಂಗಿಯರೇ,

ಇಂದಿನ ಸಭೆಯಲ್ಲಿ ನಮ್ಮ ಪಾಲಿಗೆ ಬಂದ ವಿಷಯ ಹೊಸ ತರದ ಟೀವಿ ಮತ್ತು 'ಸ್ಮಾರ್ಟ್' ಮನೆ. ಪಗಾರ, ರಜೆ, ಬೋನಸ್ಸಿನ ಮಾತು ಬಿಟ್ಟು ಇವರೇಕೆ ಟೀವಿಯ ಪುರಾಣ ತೆಗೆದರು ಎಂದು ಕೆಲವರಿಗೆ ಅನ್ನಿಸಬಹುದು. ಬಂಧುಗಳೇ, ಇದೂ ಪಗಾರದ ಮಾತೇ. ಹೇಗೆಂಬುದನ್ನು ಸಾವಕಾಶವಾಗಿ ನೋಡೋಣ.

ಮುಂಬಯಿಗೆ ದೂರದರ್ಶನ ಬಂದದ್ದು 1972ರ ಅಕ್ಟೋಬರ್ 2ರಂದು. ಆ ಕಾಲದಲ್ಲಿ ಇಡೀ ಚಾಳಿಗೆ ಒಂದೆರಡು ಪೆಟ್ಟಿಗೆ ಇದ್ದರೆ ಹೆಚ್ಚು. ಪೆಟ್ಟಿಗೆ ಇದ್ದವರ ಖೋಲಿಯ ಬಾಗಿಲಲ್ಲಿ ಹತ್ತು ಮನೆಯವರು ಕೂಡುತ್ತಿದ್ದರೆಂದು ಇಲ್ಲಿರುವ ಹಿರಿಯರೇ ಹೇಳಿಯಾರು. ಮುಂದೆ ಕೇಬಲು ಬಂತು. 1994ರಲ್ಲಿ ಉದಯ ಟೀವಿ ಆರಂಭವಾಗಿ ನಮ್ಮ ನುಡಿಗೂ ಒಂದು ಚಾನೆಲು ಆಯಿತು. 2012ರಲ್ಲಿ ಮುಂಬಯಿಯ ಕೇಬಲಿಗೆ ಸೆಟ್‌ಟಾಪ್ ಪೆಟ್ಟಿಗೆ ಕಡ್ಡಾಯವಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಇಂಟರ್‌ನೆಟ್ಟು ಬಡವನ ಕೈಗೂ ಎಟುಕಿತು. ಇಂದು ಹೊಟೇಲಿನ ಮಾಳಿಗೆಯಲ್ಲಿ ಎಂಟು ಜನ ಮಲಗಿದರೆ ಎಂಟು ಮೊಬೈಲು, ಎಂಟು ಕಥೆ.

ನಮ್ಮ ಚೆಂಬೂರಿನಲ್ಲಿಯೇ ಈ ಬದಲಾವಣೆಯ ಗುರುತು ಇದೆ. ರಾಜ್ ಕಪೂರರ ಆರ್. ಕೆ. ಸ್ಟುಡಿಯೋ ಇಲ್ಲಿತ್ತು. 2017ರ ಸೆಪ್ಟೆಂಬರ್ 16ರಂದು ಅಲ್ಲಿ ಬೆಂಕಿ ಬಿದ್ದಾಗ ಉರಿದದ್ದು ಟೀವಿಯ ನೃತ್ಯಸ್ಪರ್ಧೆಗೆ ಹಾಕಿದ್ದ ಸೆಟ್ಟು. 2019ರಲ್ಲಿ ಆ ಜಾಗವನ್ನು ಗೋದ್ರೆಜ್ ಪ್ರಾಪರ್ಟೀಸ್ ಕೊಂಡು ವಸತಿ ಕಟ್ಟಡಕ್ಕೆ ಕೈ ಹಾಕಿತು. ಸಿನೆಮಾದ ಜಾಗಕ್ಕೆ ಟೀವಿ ಬಂತು, ಟೀವಿಯ ಜಾಗಕ್ಕೆ ಫ್ಲಾಟು ಬಂತು.

ಹಳೆಯದಕ್ಕೂ ಹೊಸದಕ್ಕೂ ಮುಖ್ಯ ಅಂತರವೇನು? ಊರ ಜಾತ್ರೆಯ ಪಂಕ್ತಿಯಲ್ಲಿ ಎಲ್ಲರ ಎಲೆಗೂ ಒಂದೇ ಸಾರು ಬೀಳುತ್ತದೆ. ಯಾರು ಉಂಡರು, ಯಾರು ಅರ್ಧಕ್ಕೆ ಎದ್ದರು ಎಂದು ಯಾರೂ ಬರೆದಿಡುವುದಿಲ್ಲ. ದೂರದರ್ಶನದ ಗೋಪುರ ಹಾಗಿತ್ತು. ಈಗಿನ ಸ್ಟ್ರೀಮಿಂಗ್ ಎಂಬುದು ಹೊಟೇಲಿನ ಆರ್ಡರಿದ್ದಂತೆ. ಒಬ್ಬೊಬ್ಬನು ಕೇಳಿದ್ದನ್ನು ಅವನೊಬ್ಬನಿಗೇ ಕಳಿಸಬೇಕು. ಆದ್ದರಿಂದ ಯಾವ ಟೇಬಲು, ಏನು ಕೇಳಿದ, ಎಷ್ಟು ಬಿಟ್ಟು ಎದ್ದ ಎಂಬುದೆಲ್ಲ ಅವರಲ್ಲಿ ದಾಖಲಾಗುತ್ತದೆ. ಅಮೆರಿಕದ ವಿಜಿಯೊ ಎಂಬ ಟೀವಿ ಕಂಪನಿಯ ಮೇಲೆ ಅಲ್ಲಿಯ ಸರಕಾರ ಒಂದು ಆರೋಪ ಹೊರಿಸಿತು: 1 ಕೋಟಿ 10 ಲಕ್ಷ ಟೀವಿಗಳಲ್ಲಿ ಜನರು ಏನು ನೋಡುತ್ತಾರೆಂಬುದನ್ನು ಅವರ ಒಪ್ಪಿಗೆ ಇಲ್ಲದೆ ಕೂಡಿಹಾಕಿದೆ ಎಂದು. 2017ರಲ್ಲಿ ಆ ಕಂಪನಿ 22 ಲಕ್ಷ ಡಾಲರು ತೆತ್ತು ರಾಜಿ ಮಾಡಿಕೊಂಡಿತು.

ಇನ್ನು ದುಡ್ಡಿನ ಲೆಕ್ಕ. ತಿಂಗಳಿಗೆ 149 ರೂಪಾಯಿ ಎಂದರೆ ಚಿಲ್ಲರೆ ಎಂದು ಕಾಣುತ್ತದೆ. ವರ್ಷಕ್ಕೆ ಅದು 1,788 ರೂಪಾಯಿ. ಇಂಥ ಮೂರು ಚಂದಾ ಕಟ್ಟಿದರೆ 5,364. ಊರಿಗೆ ಹೋಗಿ ಬರುವ ಖರ್ಚು ಇದರಲ್ಲಿಯೇ ಕರಗಿತು. ಮೊದಲ ತಿಂಗಳು ಪುಕ್ಕಟೆ ಎಂದು ಒತ್ತಿಸಿ, ಮುಂದೆ ಪ್ರತಿ ತಿಂಗಳೂ ಬ್ಯಾಂಕಿನಿಂದ ತಾನಾಗಿ ಹಣ ಎಳೆದುಕೊಳ್ಳುವ ಏರ್ಪಾಡೂ ಉಂಟು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮವಿದೆ: ಹೀಗೆ ಹಣ ತೆಗೆಯುವ 24 ತಾಸು ಮೊದಲು ನಮಗೆ ತಿಳಿಸಬೇಕು, ಬೇಡವೆಂದರೆ ನಿಲ್ಲಿಸುವ ದಾರಿ ಕೊಡಬೇಕು. ಆ ಮೆಸೇಜು ಇಂಗ್ಲಿಷಿನಲ್ಲಿದೆ ಎಂದು ಅಳಿಸಿ ಹಾಕಬೇಡಿರಿ. ಓದಬಲ್ಲವರಿಂದ ಓದಿಸಿರಿ.

ಈಗ ಸ್ಮಾರ್ಟ್ ಮನೆಗೆ ಬರೋಣ. ಮಾತಿಗೆ ದೀಪ ಹೊತ್ತಿಸುವ ಪೆಟ್ಟಿಗೆ, ಮೊಬೈಲಿನಿಂದ ತೆರೆಯುವ ಬೀಗ, ಬಾಗಿಲಲ್ಲಿ ಕ್ಯಾಮೆರಾ. ಅಂಥ ಮನೆಯ ಸುಖ ಇನ್ನೂ ನಮ್ಮ ಖೋಲಿಗೆ ಬಂದಿಲ್ಲ. ಆದರೆ ಆ ಮನೆಗಳ ಬಾಗಿಲಿಗೆ ಪಾರ್ಸಲು ಒಯ್ಯುವವರು ನಾವು, ಅಲ್ಲಿ ಪಾತ್ರೆ ತಿಕ್ಕುವವರು ನಮ್ಮ ಅಕ್ಕಂದಿರು, ಗೇಟಿನಲ್ಲಿ ನಿಲ್ಲುವವರು ನಮ್ಮಂಥವರೇ. ಕಟ್ಟಡದ ಗೇಟಿನಲ್ಲಿ ಅಕ್ಕ ಕಾಲಿಟ್ಟ ನಿಮಿಷ, ಹೊರಬಿದ್ದ ನಿಮಿಷ ಮಾಲಕರ ಮೊಬೈಲಿಗೆ ಹೋಗುತ್ತದೆ. ಹೊಟೇಲಿನಲ್ಲಿಯೂ ಅದೇ. ಮೊದಲು ಧಣಿಗಳು ಗಲ್ಲಾದ ಮೇಲೆ ಕೂತಿದ್ದರೆ ಮಾತ್ರ ನೋಡುತ್ತಿದ್ದರು. ಈಗ ಊರಿನಲ್ಲಿ ಕೂತೂ ಅಡಿಗೆಮನೆಯ ಕ್ಯಾಮೆರಾ ನೋಡುತ್ತಾರೆ. ಐದು ನಿಮಿಷ ತಡವಾದರೆ ಕ್ಯಾಮೆರಾ ಸಾಕ್ಷಿ ಹೇಳುತ್ತದೆ. ಆದರೆ ರಾತ್ರಿ ಎರಡು ತಾಸು ಹೆಚ್ಚು ನಿಲ್ಲಿಸಿಕೊಂಡದ್ದನ್ನೂ ಅದೇ ಕ್ಯಾಮೆರಾ ಕಂಡಿದೆಯಲ್ಲ! ಆಗ ಮಾತ್ರ ಅದು ಮೂಕವಾಗುವುದೇಕೆ?

ನಾವು ಇಂದು ಹೇಳಬೇಕೆಂದಿರುವ ಮಾತು ಇದೊಂದೇ. ಯಂತ್ರವನ್ನು ಒಡೆಯಿರಿ ಎಂದು ನಾವು ಹೇಳುವುದಿಲ್ಲ. ಯಂತ್ರ ನಮ್ಮ ಲೆಕ್ಕ ಬರೆಯುವುದಾದರೆ ಆ ಲೆಕ್ಕ ನಮ್ಮ ಕೈಗೂ ಸಿಗಬೇಕು. ಗಿರಣಿಯ ಹಿರಿಯರಿಗೆ ಇದು ಹೊಸದಲ್ಲ. ಹಾಜರಿ ಮಸ್ಟರು ಮಾಲಕರದ್ದೇ ಆದರೂ, 1948ರ ಫ್ಯಾಕ್ಟರಿ ಕಾಯಿದೆ ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿ ವಿಧಿಸಿದ ಮೇಲೆ ಅದೇ ಮಸ್ಟರು ಕಾರ್ಮಿಕನ ಸಾಕ್ಷಿಯೂ ಆಯಿತು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯೂ ಇಮ್ಮಡಿ ಪಗಾರವನ್ನೇ ಹೇಳುತ್ತದೆ. ಸಣ್ಣ ಹೊಟೇಲುಗಳು ಅದರ ಮುಖ್ಯ ಕಲಮುಗಳ ಹೊರಗೆ ಉಳಿದಿರುವುದು ನಮ್ಮ ದೊಡ್ಡ ಕೊರತೆ.

ಲೆಕ್ಕ ಕೇಳಿದರೆ ಕೊಟ್ಟಾರೇ ಎಂಬ ಸಂಶಯ ಬೇಡ. ಅಮೆರಿಕದ ಸಿನೆಮಾ ಮತ್ತು ಟೀವಿ ಬರಹಗಾರರ ಸಂಘ 2023ರ ಮೇ 2ರಿಂದ 148 ದಿನ ಮುಷ್ಕರ ಹೂಡಿತು. ಕಥೆ ಬರೆಯುವವರೂ ಕೂಲಿಯವರೇ. ತಮ್ಮ ಕಥೆಯನ್ನು ಜನ ಎಷ್ಟು ನೋಡಿದರೆಂಬ ಲೆಕ್ಕವನ್ನು ಸ್ಟ್ರೀಮಿಂಗ್ ಕಂಪನಿಗಳು ಗುಟ್ಟಾಗಿಟ್ಟಿದ್ದವು. ಲೆಕ್ಕವಿಲ್ಲದೆ ಪಾಲು ಕೇಳುವುದು ಹೇಗೆ? ಕೊನೆಗೆ, ಕಂಪನಿಗಳು ತಾವೇ ತಯಾರಿಸಿದ ದೊಡ್ಡ ಖರ್ಚಿನ ಕಾರ್ಯಕ್ರಮಗಳು ಒಟ್ಟು ಎಷ್ಟು ತಾಸು ಓಡಿದವೆಂಬುದನ್ನು ಸಂಘಕ್ಕೆ ತೋರಿಸಲು ಒಪ್ಪಿದವು. ಅಂಥವನ್ನು ಮೊದಲ 90 ದಿನಗಳಲ್ಲಿ ದೇಶದ ಚಂದಾದಾರರಲ್ಲಿ ನೂರಕ್ಕೆ 20ರಷ್ಟು ಮಂದಿ ನೋಡಿದರೆ ಬೋನಸ್ಸು ಕೊಡಲೂ ಒಪ್ಪಿದವು. ಒಬ್ಬೊಬ್ಬನೇ ಕೇಳಿದ್ದರೆ ಇದು ಸಿಗುತ್ತಿತ್ತೇ?

ನಮ್ಮ ದೇಶದಲ್ಲಿಯೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆ ಆಯಿತು. ಒಪ್ಪಿಗೆ ಪಡೆದು ನಮ್ಮಿಂದ ತೆಗೆದುಕೊಂಡ ವಿವರ ಏನೇನಿದೆ ಎಂದು ಕೇಳುವ, ತಪ್ಪಿದ್ದರೆ ತಿದ್ದಿಸುವ ಹಕ್ಕನ್ನು ಅದು ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕಲಮುಗಳಿಗೆ ಅಲ್ಲಿಂದ 18 ತಿಂಗಳ ಅವಧಿ ಇಟ್ಟಿದ್ದಾರೆ. ಕಾಯಿದೆ ಪುಸ್ತಕದಲ್ಲಿದ್ದರೆ ಹೊಟ್ಟೆ ತುಂಬದು; ಅದನ್ನು ಓದಿ ತಿಳಿದು ಕೇಳುವವರು ಬೇಕು.

ಆದ್ದರಿಂದ ಬಂಧುಗಳೇ, ಮೂರು ಕೆಲಸ ಮಾಡೋಣ. ಒಂದು: ಖೋಲಿಯವರೆಲ್ಲ ಒಂದು ರವಿವಾರ ಕೂತು ಯಾರ ಬ್ಯಾಂಕಿನಿಂದ ಎಷ್ಟು ಚಂದಾ ಹೋಗುತ್ತದೆಂದು ನೋಡಿ, ಬೇಡದ್ದನ್ನು ನಿಲ್ಲಿಸಿರಿ. ಎರಡು: ಕೆಲಸಕ್ಕೆ ಹೊಕ್ಕ, ಬಿಟ್ಟ ಹೊತ್ತನ್ನು ನಿಮ್ಮದೇ ಒಂದು ವಹಿಯಲ್ಲಿ ದಿನವೂ ಬರೆದಿಡಿರಿ, ಕ್ಯಾಮೆರಾದ ಲೆಕ್ಕಕ್ಕೆ ಎದುರು ಲೆಕ್ಕ ಬೇಕು. ಮೂರು: ಮಲಗುವ ಜಾಗದಲ್ಲಿ, ಬಟ್ಟೆ ಬದಲಿಸುವ ಜಾಗದಲ್ಲಿ ಕ್ಯಾಮೆರಾ ಕೂಡದೆಂದು ಎಲ್ಲರೂ ಸೇರಿ ಧಣಿಗಳಿಗೆ ಹೇಳಿರಿ.

ನಮ್ಮ ಹಿರಿಯರು ಹಗಲೆಲ್ಲ ಕಪ್ಪು ಬಸಿ ತೊಳೆದು ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತರು. ದುಡಿಮೆ ಮುಗಿದ ಮೇಲಿನ ಆ ಎರಡು ತಾಸೇ ಅವರ ಆಸ್ತಿಯಾಗಿತ್ತು. ಆ ಎರಡು ತಾಸು ಇಂದೂ ನಮ್ಮವೇ. ಕಥೆ ನೋಡಿರಿ, ಕ್ರಿಕೆಟ್ಟು ನೋಡಿರಿ, ನಗಿರಿ. ದಣಿದವರಿಗೆ ಅದೂ ಬೇಕು. ಆದರೆ ವಾರದಲ್ಲಿ ಒಂದು ರಾತ್ರಿಯನ್ನಾದರೂ ಸಂಘಕ್ಕೆ ತೆಗೆದಿಡಿರಿ ಎಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.